ಶಿರಸಿ ಕಡೆ ಕೂತ್ಕೊಂಡೇ ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡೋದು ಕಲಿಯೂಕಾಗ್ತದಾ?

ಹುಲೇಕಲ್ ಪೆಟ್ಟಿಗೆ
ಎಲ್ರಿಗೂ ನಮಸ್ಕಾರ. ನಾನು ಶಿರಸಿ ಹತ್ರ ಹುಲೇಕಲ್ ಕಡೆಯವ. ತೋಟದ ಕೆಲಸ, ಜೊತೆಗೆ ಹಾರ್ಮೋನಿಯಂ. ಹಿಂದುಸ್ತಾನಿ ಸೀನಿಯರ್ ಮುಗಿಸಿದ್ದೇನೆ, ಊರಬದಿ ಕಾರ್ಯಕ್ರಮಗಳಿಗೆ ಸಾಥ್ ಕೊಡ್ತೇನೆ. ಕುಮಟಾದ ದೋಸ್ತರು ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವ ಒಬ್ಬ ಹೆಂಗಸಿನ ಮೇಲೆ 14 ನಿಮಿಷದ ಕಿರುಚಿತ್ರ ಮಾಡಿದ್ದಾರೆ. ಸಂಗೀತ ನೀನೇ ಮಾಡು ಅಂತ ಗಂಟುಬಿದ್ದಿದ್ದಾರೆ.

ತೊಂದರೆ ಎಂತ ಅಂದ್ರೆ, ನಿರ್ದೇಶಕ ಎಡಿಟಿಂಗ್ ಮಾಡುವಾಗಲೇ ಯಾವುದೋ ಇಂಗ್ಲಿಷ್ ಸಿನಿಮಾದ ದೊಡ್ಡ ಆರ್ಕೆಸ್ಟ್ರಾ ಸಂಗೀತ ಹಾಕಿ ಇಟ್ಟಿದ್ದಾನೆ. ಅದನ್ನೇ ಕೇಳಿ ಕೇಳಿ ಅವನಿಗೆ ಅಭ್ಯಾಸ ಆಗಿಹೋಗಿದೆ. ಈಗ "ಹಿಂಗೇ ಬೇಕು, ಆದ್ರೆ ಕಾಪಿ ಅನ್ನಿಸಬಾರದು" ಅಂತಾನೆ. ಕೆಸರಲ್ಲಿ ಮೊಣಕಾಲುದ್ದ ಹುಗಿದು ನಿಂತವಳ ಹಿಂದೆ ಎಂಬತ್ತು ಪಿಟೀಲು ಎಂತಕ್ಕೆ ಅಂತ ನನಗೆ ಅರ್ಥ ಆಗ್ತಿಲ್ಲ. ನನ್ನ ಹತ್ರ ಇರೋದು 8 ಜಿಬಿಯ ಲ್ಯಾಪ್‌ಟಾಪು, ಒಂದು ಹಾರ್ಮೋನಿಯಂ ಪೆಟ್ಟಿಗೆ. ಇದನ್ನ ಸರಿಯಾಗಿ ಕಲಿಬೇಕು ಅಂದ್ರೆ ಬೆಂಗಳೂರಿಗೋ ಚೆನ್ನೈಗೋ ಹೋಗಲೇಬೇಕಾ? ಗೊತ್ತಿದ್ದವರು ಹೇಳಿ.

ಕೊಳೆ ಔಷಧಿ
ಅಡ್ಡಿಲ್ಲೆ ತಮಾ, ಮಾಡು. ಅಡಿಕೆ ದರಕ್ಕಿಂತ ನಂಬಿಕಸ್ತ ಇರ್ತು.

ಕುಮಟಾ ಸ್ಟ್ಯಾಂಡ್
ಈಗ ಎಐ ಇದೆಯಲ್ಲ ಮಾರಾಯ. "ಕಡಲು, ಬೇಸರ, ಕೊಳಲು" ಅಂತ ಟೈಪ್ ಮಾಡಿದ್ರೆ ಮುಗೀತು.

ಸಂಗೀತದ ಅಕ್ಕೋರು
ಹಾಗಿದ್ರೆ ಚಿತ್ರವನ್ನೂ ಅದರ ಹತ್ರವೇ ಮಾಡಿಸಿ, ನೋಡೋದಕ್ಕೂ ಅದನ್ನೇ ಕೂರಿಸಿ. ಹುಡುಗ ಕಲಿಯೋದು ಹೇಗೆ ಅಂತ ಕೇಳ್ತಾ ಇದ್ದಾನೆ.

ಗಾಂಧಿನಗರ ರಿಟರ್ನ್ಡ್
ನಾನು ಬೆಂಗಳೂರಲ್ಲಿ ಕೀಬೋರ್ಡ್ ಪ್ರೋಗ್ರಾಮರ್ ಆಗಿ ದುಡಿದು, ಈಗ ಸಿದ್ದಾಪುರಕ್ಕೆ ವಾಪಸ್ ಬಂದಿದ್ದೇನೆ. ನೇರವಾಗಿ ಹೇಳ್ತೇನೆ: ಈ ಕೆಲಸ ಕಲಿಯೋದು ಇನ್ನೊಬ್ಬರ ಕೈಕೆಳಗೆ. ಇಳಯರಾಜಾ ಅಂಥವರೇ ಜಿ.ಕೆ. ವೆಂಕಟೇಶ್ ಹತ್ರ ಸಹಾಯಕರಾಗಿ ಇದ್ದವರು. ರೀರೆಕಾರ್ಡಿಂಗ್, ಅಂದ್ರೆ ಚಿತ್ರ ನೋಡ್ತಾ ಹಿನ್ನೆಲೆ ಸಂಗೀತ ಕೂರಿಸೋದು, ನಡೆಯುವಾಗ ಮೂಲೆಯಲ್ಲಿ ಕೂತು ನೋಡಿದ್ರೆ ಗೊತ್ತಾಗೋದು ಪುಸ್ತಕದಲ್ಲಿ ಸಿಗೋದಿಲ್ಲ. ನಿರ್ದೇಶಕ ಒಂದು ಮಾತು ಹೇಳ್ತಾನೆ, ಅವನಿಗೆ ಬೇಕಾಗಿರೋದು ಇನ್ನೊಂದು. ಅದನ್ನ ಮ್ಯೂಸಿಕ್ ಡೈರೆಕ್ಟರು ಹೇಗೆ ಹಿಡೀತಾರೆ ಅನ್ನೋದೇ ಪಾಠ.

ಕೋರ್ಸೇ ಬೇಕು ಅಂದ್ರೆ ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಲ್ಲಿ ಶಬ್ದಗ್ರಹಣ, ಸೌಂಡ್ ಡಿಸೈನ್ ಕಲಿಸ್ತಾರೆ, ಅದು ಬೇರೆ ವಿದ್ಯೆ. ಎರಡನ್ನೂ ಒಂದೇ ಅಂದ್ಕೊಂಡು ಅರ್ಜಿ ಹಾಕುವವರು ಇದ್ದಾರೆ, ಅದಕ್ಕೆ ಹೇಳಿದೆ.

ಮದ್ದಳೆಪೆಟ್ಟು
ನಾನು ಹೊನ್ನಾವರದವ. ನಿಮಗೆಲ್ಲ ಚೆನ್ನೈ ಕಾಣ್ತದೆ, ಗುಣವಂತೆ ಕಾಣೂದಿಲ್ಲ. ಕೆರೆಮನೆ ಯಕ್ಷಗಾನ ಮೇಳ 1934ರಿಂದ ಅಲ್ಲೇ ಅದೆ. ಭಾಗವತ ಮಾಡೂದು ಎಂತದು? ವೇಷಧಾರಿಯ ಕಾಲು, ಕಣ್ಣು ನೋಡ್ತಾ ಅಲ್ಲಿಂದಲ್ಲಿಗೆ ಸಂಗೀತ ಕಟ್ಟೂದು. ಪಾತ್ರ ಮಾತಿಗೆ ಇಳೀತು ಅಂದ್ರೆ ಹಿಮ್ಮೇಳ ಸುಮ್ಮನಾಗ್ತದೆ, ಬರೇ ಶ್ರುತಿ. ಮಾತಿನ ತೂಕದ ಜಾಗಕ್ಕೆ ಚಂಡೆಯ ಒಂದು ಪೆಟ್ಟು, ಅಷ್ಟೇ. ನಿಮ್ಮ ಸಿನಿಮಾದವರು ಮಾತಿನ ಅಡಿಗೆ ಪಿಟೀಲು ಹಾಸಿ ಅದನ್ನೇ ಭಾವನೆ ಅಂತ ಕರೀತಾರೆ.

ಚಳಿಗಾಲದಲ್ಲಿ ರಾತ್ರಿ ಆಟ ನೋಡು. ವೇಷ ನೋಡಬೇಡ, ಹಿಮ್ಮೇಳದ ಪಕ್ಕ ಕೂತು ಭಾಗವತರ ಕಣ್ಣು ಎಲ್ಲಿ ಹೋಗ್ತದೆ ನೋಡು. ಪುಕ್ಕಟೆ ಶಾಲೆ.

ಕತ್ತರಿ ಕೆಲಸ
ಮದ್ದಳೆಯವರೇ, ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ಜಗಳ ಇದೆ. ಭಾಗವತರು ಒಂದು ಆವರ್ತನ ಎಳೆದ್ರೆ ವೇಷಧಾರಿ ಇನ್ನೊಂದು ಸುತ್ತು ಕುಣೀತಾನೆ. ವೇಷಧಾರಿ ಸುಸ್ತಾದ್ರೆ ಭಾಗವತರು ಬಿಡ್ತಿಗೆ ಕೊಡಿಸಿ ಮುಗಿಸ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯ್ತಾರೆ. ಸಿನಿಮಾದ ಪರದೆ ಯಾರನ್ನೂ ಕಾಯೋದಿಲ್ಲ. ಶಾಟ್ ಮೂರೂವರೆ ಸೆಕೆಂಡಿಗೆ ಕಟ್ ಆಗ್ತದೆ ಅಂದ್ರೆ ಆಯ್ತು, ನಿಮ್ಮ ಆಲಾಪ ಮುಗಿದಿರಲಿ ಬಿಡಲಿ. ಒಳ್ಳೊಳ್ಳೆ ಗವಾಯಿಗಳು ಒದ್ದಾಡೋದು ಇಲ್ಲೇ.

ನಾನು ಎಡಿಟರ್, ಮೂಲ ಶಿರಸಿ. ಹುಲೇಕಲ್ ತಮ್ಮನಿಗೆ ಕೆಲಸಕ್ಕೆ ಬರುವ ನಾಲ್ಕು ಮಾತು.

ಮೊದಲನೇದು, ಪಿಕ್ಚರ್ ಲಾಕ್ ಆಗಿದೆಯಾ, ಅಂದ್ರೆ ಎಡಿಟಿಂಗ್ ಪೂರ್ತಿ ಮುಗಿದಿದೆಯಾ ಕೇಳು. ಲಾಕ್ ಆಗದೆ ಒಂದು ಸ್ವರವನ್ನೂ ಸಮಯಕ್ಕೆ ಕೂರಿಸಬೇಡ. ಹಾಡಿನ ಮಟ್ಟು ಹುಡುಕು, ವಾದ್ಯ ಯೋಚಿಸು, ಆದ್ರೆ ಅಳತೆ ಹಿಡೀಬೇಡ. ಅವರು ಎರಡು ಶಾಟ್ ಕತ್ತರಿಸಿದ್ರೆ ನಿನ್ನ ಪೂರ್ತಿ ಲೆಕ್ಕ ಕೆಡ್ತದೆ.

ಆಮೇಲೆ ನಿರ್ದೇಶಕನ ಜೊತೆ ಇಡೀ ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡು. ಇದಕ್ಕೆ ಸ್ಪಾಟಿಂಗ್ ಅಂತಾರೆ. ಸಂಗೀತ ಎಲ್ಲಿ ಶುರು, ಎಲ್ಲಿ ಬಂದ್, ಎಂತಕ್ಕೆ ಅಂತ ಬರೀತಾ ಹೋಗು. ಪರದೆ ಮೇಲೆ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮಿನ ಲೆಕ್ಕ) ಓಡುವ ಕಾಪಿ ಕೇಳಿ ಇಸ್ಕೊ. ಪ್ರತಿ ತುಣುಕಿಗೂ ನಂಬರ್: 1ಎಂ1 ಅಂದ್ರೆ ಮೊದಲ ರೀಲಿನ ಮೊದಲ ಸಂಗೀತ, 1ಎಂ2 ಎರಡನೇದು. ರೀಲಿನ ಕಾಲ ಹೋದರೂ ನಂಬರಿನ ಪದ್ಧತಿ ಹೋಗಿಲ್ಲ. "ಆ ಅಳುವ ಸೀನಿಂದು" ಅಂತ ಫೈಲಿಗೆ ಹೆಸರಿಟ್ರೆ ಮಿಕ್ಸಿಂಗಿಗೆ ಕೂತವ ಶಾಪ ಹಾಕ್ತಾನೆ. ನಿಮ್ಮ ಚಿತ್ರದಲ್ಲಿ ಎಲ್ಲರೂ ಅಳ್ತಾರೆ.

ನಿರ್ದೇಶಕನ ಹತ್ರ ಯಾವ ರಾಗ ಬೇಕು, ಯಾವ ವಾದ್ಯ ಬೇಕು ಅಂತ ಕೇಳಲೇಬೇಡ. ಅವನಿಗೆ ಗೊತ್ತಿರೋದಿಲ್ಲ, ಆದ್ರೂ ಉತ್ತರ ಕೊಡ್ತಾನೆ. ಈ ಸೀನ್ ಯಾರದು, ಅವಳಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲವಾ, ನಮಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲವಾ ಅಂತ ಕೇಳು.

ಕೊನೇದು, ಆ ಇಂಗ್ಲಿಷ್ ಸಂಗೀತ. ಇದಕ್ಕೆ ಟೆಂಪ್ ಟ್ರ್ಯಾಕ್ ಅಂತಾರೆ. ಅದರ ಮೇಲೆ ಸಿಟ್ಟು ಬೇಡ. ಅವನು ಅದರಲ್ಲಿ ಎಂತ ಕಂಡ ಅಂತ ಕೆದಕು: ವೇಗವಾ, ತುಂಬಿಕೊಂಡ ಹಾಗೆ ಇರೋದಾ, ಅದು ಶುರುವಾಗುವ ಜಾಗವಾ? ಸುಮಾರು ಸಲ ಅವನಿಗೆ ಇಷ್ಟ ಆಗಿರೋದು ಬರೀ ಶುರುವಾಗುವ ಜಾಗ. ಆ ಜಾಗ ಇಟ್ಕೊ, ಪಿಟೀಲು ಬಿಡು. ಮತ್ತೆ ಹೊಸದನ್ನು ಕೇಳಿಸುವ ಮೊದಲು ಒಂದು ವಾರ ಟೆಂಪ್ ಇಲ್ಲದ ಕಾಪಿಯನ್ನೇ ನೋಡ್ಲಿಕ್ಕೆ ಹೇಳು.

ಹುಲೇಕಲ್ ಪೆಟ್ಟಿಗೆ
ಕತ್ತರಿ ಅಣ್ಣ, ಇದನ್ನ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸ್ತೇನೆ. ಲಾಕ್ ಆಗಿದೆ ಅಂದಿದ್ದಾನೆ. ಹಾಗೆ ಹೇಳಿದ ಮೇಲೂ ಎರಡು ಸಲ ಬದಲಾಗಿದೆ.

ಗಾಂಧಿನಗರ ರಿಟರ್ನ್ಡ್
ಅಲ್ಲಿಗೆ ನೀನು ಇಂಡಸ್ಟ್ರಿಗೆ ಸೇರಿದ ಹಾಗಾಯ್ತು, ಸ್ವಾಗತ.

ಕಾರವಾರದ ನಾಯ್ಕ
ಒಂದು ಪ್ರಶ್ನೆ. ಹಾಡು ಇಲ್ಲದ ಚಿತ್ರಕ್ಕೆ ಮ್ಯೂಸಿಕ್ ಡೈರೆಕ್ಟರ್ ಯಾಕೆ ಬೇಕು? ನಮಗೆಲ್ಲ ನೆನಪು ಇರೋದು ಹಾಡೇ ಅಲ್ವಾ?

ಸಂಗೀತದ ಅಕ್ಕೋರು
ನಾಯ್ಕರೆ, ಸುನೀಲ್‌ಕುಮಾರ್ ದೇಸಾಯಿಯವರ "ತರ್ಕ" 1989ರಲ್ಲಿ ಬಂತು, ಒಂದೂ ಹಾಡಿಲ್ಲ. ಗುಣಸಿಂಗ್ ಸಂಗೀತ. ನೋಡಿದವರಿಗೆ ಹೆದರಿಕೆ ಆದದ್ದು ಯಾವುದರಿಂದ ಅಂತ ಒಮ್ಮೆ ಯೋಚಿಸಿ. ಬಿ.ವಿ. ಕಾರಂತರಿಗೆ "ಘಟಶ್ರಾದ್ಧ"ದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಅದಕ್ಕೂ ಹಿಂದಿನ ವರ್ಷ "ಋಷ್ಯಶೃಂಗ"ಕ್ಕೆ. ಘಟಶ್ರಾದ್ಧ ನೋಡಿ ಬಂದವರು ಯಾವ ಹಾಡು ಗುನುಗಿದರು ಹೇಳಿ? 1970ರ "ಸಂಸ್ಕಾರ"ಕ್ಕೆ ಸಂಗೀತ ರಾಜೀವ ತಾರಾನಾಥರದ್ದು, ಅವರು ಸರೋದಿನವರು. ಆದ್ದರಿಂದ ಶಾಸ್ತ್ರೀಯ ಕಲಿತವರಿಗೆ ಸಿನಿಮಾ ಆಗಿಬರೋದಿಲ್ಲ ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ.

ಹುಲೇಕಲ್ ತಮಾ, ನಿನಗೆ ಒಂದು ಅಭ್ಯಾಸ ಹೇಳ್ತೇನೆ. ನಮಗೆ ರಾಗ ಬಿಚ್ಚೋದಕ್ಕೆ ವಿಲಂಬಿತದಲ್ಲಿ ಅರ್ಧ ತಾಸು ಬೇಕು ಅಂತ ಕಲಿಸಿದ್ದಾರೆ. ಸಿನಿಮಾ ನಿನಗೆ ಕೊಡೋದು 40 ಸೆಕೆಂಡ್. ಗೊತ್ತಿರುವ ಒಂದು ರಾಗ ತಗೋ, ಮಾರ್ವಾ ಇರಲಿ. ಅದರ ಮುಖ ತೋರಿಸುವ ಒಂದೇ ಒಂದು ಸ್ವರಗುಚ್ಛ ಆರಿಸು. ಷಡ್ಜಕ್ಕೆ ಹೋಗದೆ ರಿಷಭ, ಧೈವತದ ಮೇಲೆ ನಿಲ್ಲಿಸು. ಅಷ್ಟರಲ್ಲೇ ಮನೆಗೆ ಬಾರದವರ ಚಡಪಡಿಕೆ ಬಂತಾ ನೋಡು. ಬಂತು ಅಂದ್ರೆ ತಾನ್ ಬೇಡ, ಮುರ್ಕಿ ಬೇಡ, ಎದ್ದು ಹೋಗಿ ಚಾ ಕುಡಿ. ಮಾರನೇ ದಿನ ಅದೇ ಸ್ವರಗುಚ್ಛವನ್ನು ಇನ್ನೊಂದು ದೃಶ್ಯಕ್ಕೆ, ಬೇರೆ ಲಯದಲ್ಲಿ, ಬೇರೆ ಸಪ್ತಕದಲ್ಲಿ ಕೂರಿಸು. ಚಿತ್ರ ಮುಗಿಯುವ ಹೊತ್ತಿಗೆ ಕೇಳುವವರಿಗೆ ಅದು ಆ ಹೆಂಗಸಿನದ್ದು ಅಂತ ತಾನಾಗೇ ಗೊತ್ತಾಗಬೇಕು.

ಗಾಂಧಿನಗರ ರಿಟರ್ನ್ಡ್
ಅಕ್ಕೋರೇ, ಒಪ್ಪಿದೆ. ಆದ್ರೆ ಸ್ವಲ್ಪ ಹಾರ್ಮನಿಯೂ ಕಲೀಲಿ. ಒಂದೇ ಮಟ್ಟು ಇಟ್ಕೊಂಡು ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಬದಲಿಸಿದ್ರೆ ಅರ್ಥವೇ ಬದಲಾಗ್ತದೆ. ಮೇಲೆ ಅದೇ ಗಾಂಧಾರ, ಕೆಳಗೆ ಮೇಜರ್ ಇದ್ದಾಗ ನೆಮ್ಮದಿ, ಮೈನರ್ ಬಂದಾಗ ಅನುಮಾನ. ಬರೀ ತಂಬೂರಿ ಶ್ರುತಿ ಮೇಲೆ ಈ ಆಟ ಆಡ್ಲಿಕ್ಕಾಗೋದಿಲ್ಲ.

ಸಂಗೀತದ ಅಕ್ಕೋರು
ಆಡ್ಲಿಕ್ಕಾಗೋದಿಲ್ಲ ಅಂತ ಯಾರು ಹೇಳಿದ್ದು? ಷಡ್ಜ ಬಿಟ್ಟು ಮಧ್ಯಮಕ್ಕೆ ಶ್ರುತಿ ಸರಿಸಿ ನೋಡಿ, ಅದೇ ಸ್ವರಗಳು ಬೇರೆ ರಾಗ ಆಗ್ತವೆ. ಕಲೀಲಿ, ಬೇಡ ಅನ್ನೋದಿಲ್ಲ. ಅದೇ ಮೊದಲು ಅನ್ನಬೇಡಿ.

ಮದ್ದಳೆಪೆಟ್ಟು
ಅಕ್ಕೋರು ಗೆದ್ರು.

ಕತ್ತರಿ ಕೆಲಸ
ಈಗ ಲೆಕ್ಕಕ್ಕೆ ಬರುವ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. 1440ನ್ನು ಬಿಪಿಎಂನಿಂದ, ಅಂದ್ರೆ ನಿಮಿಷಕ್ಕೆ ಎಷ್ಟು ಮಾತ್ರೆ ಅನ್ನೋದರಿಂದ, ಭಾಗಿಸಿದ್ರೆ ಒಂದು ಮಾತ್ರೆಗೆ ಎಷ್ಟು ಫ್ರೇಮ್ ಅಂತ ಸಿಗ್ತದೆ. 60 ಬಿಪಿಎಂಗೆ 24, 72ಕ್ಕೆ 20, 80ಕ್ಕೆ 18, 90ಕ್ಕೆ 16, 120ಕ್ಕೆ 12.

ಅವಳು ನೀರಿಂದ ಎದ್ದು ಬುಟ್ಟಿ ಹೊರುವ ಶಾಟಿಗೆ ಕಟ್ ಆಗೋದು ಸಂಗೀತ ಶುರುವಾದ 22.5 ಸೆಕೆಂಡಿಗೆ ಅಂತ ಇಟ್ಕೊ. ತೀನ್‌ತಾಲದ ಎರಡು ಆವರ್ತನ, 32 ಮಾತ್ರೆ ಮುಗಿದು ಸಮ್ (ಆವರ್ತನದ ಮೊದಲ ಮಾತ್ರೆ) ಸರಿಯಾಗಿ ಕಟ್ ಮೇಲೆ ಬೀಳಬೇಕು ಅಂದ್ರೆ ವೇಗ 85.33 ಇಡಬೇಕು. ಸಾಫ್ಟ್‌ವೇರಿಗೆ ದಶಾಂಶ ಕೊಟ್ರೂ ನಡೀತದೆ. ಕಿವಿಯಲ್ಲಿ ತಾಳದ ಕ್ಲಿಕ್ ಹಾಕ್ಕೊಂಡು ನುಡಿಸು.

ಸಂಗೀತದ ಅಕ್ಕೋರು
ಝಪ್‌ತಾಲ ಮಾಡಿದ್ರೆ ಮೂರು ಆವರ್ತನ, 30 ಮಾತ್ರೆ, ವೇಗ ಸರಿಯಾಗಿ 80. ದಶಾಂಶವೇ ಬೇಡ.

ಕತ್ತರಿ ಕೆಲಸ
ಅಕ್ಕೋರೇ, ನನ್ನ ಮುಂದಿನ ಚಿತ್ರಕ್ಕೆ ನೀವೇ ಬನ್ನಿ.

ಮದ್ದಳೆಪೆಟ್ಟು
85.33 ಅಂತ ತಾಳ ಹಾಕುವ ಮನುಷ್ಯನ್ನ ನಾನು ನೋಡಿದ್ದೇ ಇಲ್ಲ. ಮತ್ತೆ ಪ್ರತಿ ಕಟ್ಟಿಗೂ ಧಾ ಅಂತ ಬಡಿದ್ರೆ ಅದು ಕಾರ್ಟೂನ್ ಆಗ್ತದೆ. ವೇಷ ಕಾಲಿಟ್ಟ ಮೇಲೆ ಪೆಟ್ಟು, ಮೊದಲಲ್ಲ.

ಕತ್ತರಿ ಕೆಲಸ
ಇದು ಸರಿ. ಕಟ್ ಮೇಲೇ ಬಿದ್ರೆ ಕೆಲವು ಸಲ ಮುಂಚೆ ಬಿದ್ದ ಹಾಗೆ ಕೇಳ್ತದೆ, ಕಣ್ಣಿಗೆ ಹೊಸ ಶಾಟ್ ಅರಗಲಿಕ್ಕೆ ಸ್ವಲ್ಪ ಹೊತ್ತು ಬೇಕು. ಒಂದೆರಡು ಫ್ರೇಮ್ ತಡವಾಗಿ ಇಟ್ಟು ನೋಡು. ಹತ್ತು ಕಟ್ಟಲ್ಲಿ ಒಂಬತ್ತನ್ನು ಹಾಗೇ ಬಿಡು.

ಇನ್ನೊಂದು, ಫ್ರೇಮ್ ರೇಟ್ ಬಾಯಿಮಾತಲ್ಲಿ ನಂಬಬೇಡ, ಫೈಲ್ ತೆಗೆದು ನೋಡು. ಕ್ಯಾಮೆರಾದವ 24 ಅಂತಾನೆ, ಒಳಗೆ 23.976 ಇರ್ತದೆ, ಇಲ್ಲ 25. ನಿನಗೆ ಕೊಟ್ಟ ವಿಡಿಯೋ 24ರಲ್ಲಿ ಓಡಿ, ಕೊನೆಯ ಪ್ರತಿ 23.976ರಲ್ಲಿ ಓಡಿದ್ರೆ 14 ನಿಮಿಷದ ಕೊನೆಗೆ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರ್ತದೆ. ಎಲ್ಲಾ ಲೆಕ್ಕ ಮಾಡಿ ಇದರಲ್ಲಿ ಮುಳುಗಿದವರು ಸುಮಾರು ಜನ ಇದ್ದಾರೆ.

ಅಂಕೋಲೆ ಹುಡುಗಿ
ಅಳಿವೆ, ಬಳಚು ಅಂದ ಮೇಲೆ ಗುಮಟೆ ಹಾಕಿ! ನಮ್ಮ ಕಡೆ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗ್ ಕೇಳಿದ್ದೀರಾ? ಮಣ್ಣಿನ ಕೊಡದ ಆಕಾರ, ಒಂದು ಬಾಯಿಗೆ ಚರ್ಮ, ಇನ್ನೊಂದು ಖಾಲಿ. ಆ ಖಾಲಿ ಬಾಯಿಯನ್ನ ಎಡಗೈಯಲ್ಲಿ ಮುಚ್ಚಿ ತೆಗೆದು ಮಾಡಿದ್ರೆ ಬರುವ ಆ "ಗುಂವ್" ಎದೆಗೇ ಬಡೀತದೆ. ಯಾವ ಸ್ಯಾಂಪಲ್ ಲೈಬ್ರರಿಯಲ್ಲೂ ನನಗೆ ಸಿಕ್ಕಿಲ್ಲ.

ಕುಮಟಾ ಸ್ಟ್ಯಾಂಡ್
ಅದಕ್ಕೆ ಉಡದ ಚರ್ಮ ಹಾಕ್ತಾರಲ್ಲ, ಕೇಸ್ ಆಗ್ತದೆ ನೋಡಿ.

ಅಂಕೋಲೆ ಹುಡುಗಿ
ಹಿಂದೆ ಹಾಕ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉಡ ಮುಟ್ಟುವ ಹಾಗಿಲ್ಲ, ಈಗ ಆಡಿನ ಚರ್ಮದ್ದು ಬರ್ತದೆ. ಗೋವಾದವರು ಅದನ್ನೇ ಘುಮಟ್ ಅಂತ 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿಕೊಂಡರು. ನಾವಿನ್ನೂ ಕೇಸಿನ ವಿಷಯವೇ ಮಾತಾಡ್ತಾ ಇದ್ದೇವೆ.

ಕಾರವಾರದ ನಾಯ್ಕ
ಗೋವಾದವರು ಮೀನೂಟವನ್ನೂ ಅವರದ್ದೇ ಅಂತಾರೆ, ಬಿಡಿ.

ಅಂಕೋಲೆ ಹುಡುಗಿ
ಇನ್ನೊಂದು ಮಾತು, ಸ್ವಲ್ಪ ಸಿಟ್ಟಿಂದ. ನಮ್ಮ ಊರಿಗೆ ಒಂದು ತಂಡ ಬಂದು ಮೊಬೈಲಲ್ಲಿ ಸುಗ್ಗಿ ಪದ ರೆಕಾರ್ಡ್ ಮಾಡ್ಕೊಂಡು ಹೋಯ್ತು. ಆಮೇಲೆ ಅದು ಒಂದು ವಿಡಿಯೋದಲ್ಲಿ ಬೀಟ್ ಹಾಕ್ಕೊಂಡು ಬಂತು. ಹಾಡಿದವರ ಹೆಸರಿಲ್ಲ, ಐದು ಪೈಸೆ ಇಲ್ಲ. ಜಾನಪದ ಅಂದ್ರೆ ಹೇಳೋರು ಕೇಳೋರು ಇಲ್ಲ ಅಂತ ಲೆಕ್ಕ. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಜ್ಜಿಗೆ (ಸುಕ್ರಿ ಬೊಮ್ಮಗೌಡ) 2017ರಲ್ಲಿ ಪದ್ಮಶ್ರೀ ಬಂದಾಗ ಫೋಟೋ ತೆಗೆಸಿಕೊಳ್ಳಲಿಕ್ಕೆ ಎಲ್ಲರೂ ಇದ್ದರು. ಈಗಲೂ ಹಾಡುವ ಹೆಂಗಸರು ಇದ್ದಾರೆ. ಗುಮಟೆ ಬೇಕು ಅಂದ್ರೆ ಬಾರಿಸುವವರನ್ನ ಕರೆಸಿ, ದಿನದ ಪಗಾರ ಕೊಡಿ, ಚಿತ್ರದ ಕೊನೆಗೆ ಹೆಸರು ಹಾಕಿ.

ಹುಲೇಕಲ್ ಪೆಟ್ಟಿಗೆ
ಖಂಡಿತ ಅಕ್ಕ. ಹೆಸರು ಹಾಕದೆ ಬಳಸೋದಿಲ್ಲ. ಆದ್ರೆ ಒಂದು ಅನುಮಾನ: ಹಾಲಕ್ಕಿಯವರ ವಾದ್ಯ ಹಾಕಿದ ಕೂಡಲೇ ನೋಡುವವರು "ಓ, ಹಾಲಕ್ಕಿ ಚಿತ್ರ" ಅಂದ್ಕೊಳ್ತಾರಾ? ಚಿತ್ರದ ಹೆಂಗಸು ಆ ಸಮಾಜದವಳಲ್ಲ.

ಅಂಕೋಲೆ ಹುಡುಗಿ
ಆ ಪ್ರಶ್ನೆ ಸರಿ. ಹಾಗಿದ್ರೆ ತಾಳ ಹಿಡಿದು ಬಾರಿಸೋದು ಬೇಡ, ಒಂದೊಂದೇ ಪೆಟ್ಟು ಸಾಕು. ಇಲ್ಲ ಅಂದ್ರೆ ಬಿಟ್ಟೇಬಿಡಿ. ನೆಲದ ವಾಸನೆ ಬರಲಿ ಅಂತ ಸುಮ್ಮನೆ ತುರುಕಿದ್ರೆ ಇಂಗ್ಲಿಷ್ ಪಿಟೀಲಿಗೂ ಇದಕ್ಕೂ ಎಂತ ವ್ಯತ್ಯಾಸ?

ಕೊಳೆ ಔಷಧಿ
ರೆಕಾರ್ಡಿಂಗ್ ಎಲ್ಲಿ ಮಾಡ್ತೆ ತಮಾ? ಮಳೆಗಾಲದಲ್ಲಿ ಮನೆ ಹಂಚಿನ ಮೇಲೆ ಬೀಳ ಸದ್ದಿಗೆ ಮಾತೇ ಕೇಳ್ತಿಲ್ಲೆ. ಕಪ್ಪೆ ಬೇರೆ.

ಗಾಂಧಿನಗರ ರಿಟರ್ನ್ಡ್
ಇದು ತಮಾಷೆ ಅಲ್ಲ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ತಬಲಾದ ಚರ್ಮ ಸಡಿಲ ಬಿದ್ದು ಶ್ರುತಿಗೆ ನಿಲ್ಲೋದಿಲ್ಲ, ಪೆಟ್ಟಿಗೆ ರೀಡಿಗೆ ಕಿಲುಬು ಹಿಡೀತದೆ, ಕರೆಂಟ್ ಯಾವಾಗ ಹೋಗ್ತದೆ ದೇವರಿಗೇ ಗೊತ್ತು. ಯುಪಿಎಸ್ ಇಲ್ಲದೆ ಕೆಲಸ ಶುರು ಮಾಡಬೇಡ. ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡು. ಗೋದ್ರೇಜ್ ಕಪಾಟಿನ ಬಟ್ಟೆ ಮಧ್ಯೆ ಮೈಕ್ ಇಟ್ಟು ಹಾಡು ರೆಕಾರ್ಡ್ ಮಾಡಿದವರನ್ನ ನೋಡಿದ್ದೇನೆ, ಕೇಳಿದವರಿಗೆ ಗೊತ್ತೇ ಆಗಲಿಲ್ಲ.

8 ಜಿಬಿ ಲ್ಯಾಪ್‌ಟಾಪ್ ಸಾಕು. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕ್ಕೊ, ವಿಡಿಯೋ ಅದರಲ್ಲೇ ತೆರೀತದೆ, 60 ದಿನ ಹಣ ಕೊಡದೆ ಬಳಸಿ ನೋಡಬಹುದು. ದೊಡ್ಡ ಆರ್ಕೆಸ್ಟ್ರಾ ಸ್ಯಾಂಪಲ್ ಹಾಕಿದ್ರೆ ಉಸಿರುಗಟ್ತದೆ, ಹಾಗಾಗಿ ಒಂದು ಟ್ರ್ಯಾಕ್ ಮುಗಿದ ಕೂಡಲೇ ಅದನ್ನ ಆಡಿಯೋ ಮಾಡಿ ಇಟ್ಟುಬಿಡು. ಮೊದಲು ಒಂದು ಒಳ್ಳೆ ಹೆಡ್‌ಫೋನ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್. ಉಳಿದದ್ದೆಲ್ಲ ಆಮೇಲೆ.

ಮತ್ತೆ ನಿನ್ನ ಪೆಟ್ಟಿಗೆ ವಿಷಯ. ಹಾರ್ಮೋನಿಯಂ ಮನುಷ್ಯನ ದನಿಯ ಜಾಗದಲ್ಲೇ ಕೂರ್ತದೆ. ಹಾಡಿಗೆ ಸಾಥ್ ಕೊಡುವಾಗ ಅದೇ ಅದರ ಗುಣ, ಸಂಭಾಷಣೆಯ ಅಡಿಗೆ ಅದೇ ದೋಷ. ಮಾತಿನ ಸ್ಪಷ್ಟತೆ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಝ್ ಸುತ್ತ ಇರ್ತದೆ, ಅಲ್ಲಿ ಖಾಲಿ ಬಿಡು. ಮಾತಿರುವ ಕಡೆ ಖರ್ಜದಲ್ಲಿ (ಕೆಳಗಿನ ಸಪ್ತಕದಲ್ಲಿ) ಒಂದು ಸ್ವರ ಹಿಡಿದಿಡು, ಇಲ್ಲ ನುಡಿಸಲೇಬೇಡ.

ಮದ್ದಳೆಪೆಟ್ಟು
ಮಾತಿರುವಾಗ ಬರೇ ಶ್ರುತಿ. ನಾನು ಮೊದಲೇ ಹೇಳಿದ್ದು ಇದನ್ನೇ ಅಲ್ವಾ? ಹರ್ಟ್ಝ್ ಸೇರಿಸಿ ಹೇಳಿದ್ರೆ ಮಾತ್ರ ನಿಮಗೆ ತಲೆಗೆ ಹೋಗ್ತದೆ.

ಕತ್ತರಿ ಕೆಲಸ
😀 ಸರಿ ಮಾರಾಯ್ರೇ. ಕಡಲಿನ ಸದ್ದೂ ಲೆಕ್ಕಕ್ಕಿರಲಿ. ಅಲೆಯ ಸದ್ದಲ್ಲಿ ಕೆಳಗಿನಿಂದ ಮೇಲಿನ ತನಕ ಎಲ್ಲಾ ಕಂಪನ ಇರ್ತದೆ, ಮೆಲ್ಲಗಿನ ಕೊಳಲನ್ನು ನುಂಗಿಹಾಕ್ತದೆ. ಸೌಂಡ್ ಮಾಡುವವನ ಹತ್ರ ಅಲೆ ಎಲ್ಲಿ ಜೋರು, ಎಲ್ಲಿ ಸಣ್ಣ ಅಂತ ಮೊದಲೇ ಕೇಳ್ಕೊ. ಇಬ್ಬರೂ ಬೇರೆ ಬೇರೆ ಕೂತು ಒಂದೇ ಜಾಗ ತುಂಬಿಸಿದ್ರೆ ಮಿಕ್ಸಿಂಗಲ್ಲಿ ಸೋಲೋದು ಯಾವಾಗಲೂ ಸಂಗೀತವೇ.

ಕಾರವಾರದ ನಾಯ್ಕ
ದುಡ್ಡಿನ ವಿಷಯ ಯಾರೂ ಮಾತಾಡ್ತಿಲ್ಲ. ದೋಸ್ತಿಯಲ್ಲಿ ಪುಕ್ಕಟೆ ಮಾಡ್ತೀಯಾ?

ಹುಲೇಕಲ್ ಪೆಟ್ಟಿಗೆ
ಊಟ, ಬಸ್ ಚಾರ್ಜ್. ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದ್ರೆ ಪಾಲು ಅಂದಿದ್ದಾರೆ.

ಪುಕ್ಕಟೆ ವಕೀಲ
ಪುಕ್ಕಟೆ ಮಾಡು, ಬರೆಯದೆ ಮಾಡಬೇಡ. ಒಂದೇ ಪುಟ ಸಾಕು: ಯಾವ ಚಿತ್ರಕ್ಕೆ ಕೊಟ್ಟೆ, ಬೇರೆ ಕಡೆ ಬಳಸಬಹುದಾ, ಹೆಸರು ಹೇಗೆ ಬರ್ತದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಆದ ಮೇಲೆ, ಥಿಯೇಟರಲ್ಲಿ ಚಿತ್ರದ ಜೊತೆ ಓಡೋದನ್ನ ಬಿಟ್ಟು ಉಳಿದ ಬಳಕೆಗೆ ಸಂಗೀತ ಮಾಡಿದವನಿಗೆ ರಾಯಲ್ಟಿಯ ಸಮಪಾಲು ಇದೆ. ಅದನ್ನ ನಿರ್ಮಾಪಕನಿಗೆ ಬರೆದುಕೊಟ್ರೂ ನಡೆಯೋದಿಲ್ಲ. ವಾರಸುದಾರರಿಗೆ, ಇಲ್ಲ ಹಕ್ಕು ವಸೂಲಿ ಮಾಡುವ ಸೊಸೈಟಿಗೆ ಮಾತ್ರ ಕೊಡಬಹುದು. ಐಪಿಆರ್‌ಎಸ್ 1969ರಿಂದ ಆ ಕೆಲಸಕ್ಕೇ ಇದೆ. ಕಿರುಚಿತ್ರದಿಂದ ನಿನಗೆ ಲಕ್ಷ ಬರ್ತದೆ ಅಂತಲ್ಲ, ಅಭ್ಯಾಸ ಈಗಲೇ ಆಗಲಿ ಅಂತ.

ಟೆಂಪ್ ಹತ್ತಿರ ಹತ್ತಿರ ಇರುವ ಹಾಗೆ ಮಾಡಿಕೊಟ್ರೆ ನಾಳೆ ನೋಟಿಸ್ ಬರುವಾಗ ಅದರಲ್ಲಿ ನಿನ್ನ ಹೆಸರೂ ಇರ್ತದೆ, ಇದನ್ನ ನಿನ್ನ ದೋಸ್ತನಿಗೂ ಹೇಳು.

ಕೊಳೆ ಔಷಧಿ
ವಕೀಲ್ರೇ, ತೋಟದ ಗಡಿ ತಕರಾರು ಒಂದಿದ್ದು, ಅದಕ್ಕೂ ಪುಕ್ಕಟೆಯಾ?

ಪುಕ್ಕಟೆ ವಕೀಲ
ಅದಕ್ಕೆ ಆಫೀಸಿಗೆ ಬನ್ನಿ.

ಹುಲೇಕಲ್ ಪೆಟ್ಟಿಗೆ
ನಿನ್ನೆ ಕುಮಟಾಕ್ಕೆ ಹೋಗಿ ನಿರ್ದೇಶಕನ ಜೊತೆ ಕೂತೆ. ಕತ್ತರಿ ಅಣ್ಣ ಹೇಳಿದ ಪ್ರಶ್ನೆ ಕೇಳಿದೆ. "ಈ ಸೀನ್ ಯಾರದು" ಅಂದ್ರೆ ಐದು ನಿಮಿಷ ಸುಮ್ಮನಿದ್ದ, ಆಮೇಲೆ ಅವಳ ಮಗಳದ್ದು ಅಂದ. ಮಗಳು ಆ ಶಾಟಲ್ಲಿ ದಡದ ಮೇಲೆ ಬೆನ್ನು ಹಾಕಿ ಕೂತಿರೋದು ಮಾತ್ರ ಕಾಣ್ತದೆ! ಪಿಟೀಲು ಹಾಕಿದ್ದು ತಾಯಿಗೆ. ನೀರಿನ ಎರಡು ದೃಶ್ಯದಿಂದ ಟೆಂಪ್ ತೆಗೆಯಲಿಕ್ಕೆ ಒಪ್ಪಿದ, ಕೊನೇ ದೃಶ್ಯಕ್ಕೆ ಬಿಲ್ಕುಲ್ ಒಪ್ಪಲಿಲ್ಲ. ಅಕ್ಕೋರ ಮಾರ್ವಾ ನುಡಿಸಿ ತೋರಿಸಿದೆ, "ಇದು ಭಜನೆ ಥರ ಇದೆ" ಅಂದ.

ಸಂಗೀತದ ಅಕ್ಕೋರು
ಪೆಟ್ಟಿಗೆಯಲ್ಲಿ ನುಡಿಸಿದ್ರೆ ಹಾಗೇ ಕೇಳ್ತದೆ. ಯಾರ ಹತ್ರಾದ್ರೂ ಸಾರಂಗಿಯಲ್ಲೋ ಬರೀ ಕಂಠದಲ್ಲೋ ಮಾಡಿಸು. ಸಾಹಿತ್ಯ ಬೇಡ, "ಆ" ಅಂತ ಎಳೆಯುವ ಆಕಾರವೂ ಬೇಡ, ಬಾಯಿ ಮುಚ್ಚಿ ಗುನುಗಿದ್ರೆ ಸಾಕು.

ಮದ್ದಳೆಪೆಟ್ಟು
ಮಗಳ ಸೀನ್ ಅಂದ ಮೇಲೆ ಮಗಳ ವಯಸ್ಸಿನವಳೇ ಗುನುಗಲಿ. ಪಾಠ ಆದವಳು ಬೇಡ.

ಸಂಗೀತದ ಅಕ್ಕೋರು
ಪಾಠ ಆದವರ ಮೇಲೆ ನಿಮಗೆಂಥ ಸಿಟ್ಟೋ. ಆದ್ರೆ ಇದನ್ನ ಒಪ್ಪಿದೆ.

ಕತ್ತರಿ ಕೆಲಸ
ಕೊನೇ ದೃಶ್ಯಕ್ಕೆ ಜಗಳ ಬೇಡ, ಎರಡು ಥರ ಮಾಡು. ಒಂದು ಅವನು ಕೇಳಿದ ಹಾಗೆ, ಒಂದು ನಿನ್ನದು. ನಿನ್ನದನ್ನ ಮೊದಲು ಕೇಳಿಸು. ಫೈಲ್ ಕೊಡುವಾಗ 48 ಕಿಲೋಹರ್ಟ್ಝ್, 24 ಬಿಟ್ ವೇವ್. 44.1ರ ಫೈಲನ್ನು ಬದಲಿಸದೆ 48ಕ್ಕೆ ಓಡಿಸಿದ್ರೆ ವೇಗ ಹೆಚ್ಚಾಗಿ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರ್ತದೆ. ಗುನುಗು, ಪೆಟ್ಟಿಗೆ, ಗುಮಟೆ ಬೇರೆ ಬೇರೆ ಸ್ಟೆಮ್ (ಒಂದೊಂದಕ್ಕೂ ಪ್ರತ್ಯೇಕ ಫೈಲ್) ಮಾಡಿ ಕೊಡು, ಎಲ್ಲದರ ಶುರುವಿನ ಟೈಮ್‌ಕೋಡ್ ಹೆಸರಿನಲ್ಲೇ ಬರೆ.

ಅಂಕೋಲೆ ಹುಡುಗಿ
ಗುಮಟೆ ಬಾರಿಸುವ ಒಬ್ಬರು ಮಾವ ಇದ್ದಾರೆ, ಕೇಳಿದೆ, ಬರ್ತೇನೆ ಅಂದ್ರು. ಸುಗ್ಗಿ ಮುಗಿದ ಮೇಲೆ, ಭಾನುವಾರ ಆಗಬೇಕು. ನಂಬರ್ ಇಲ್ಲಿ ಹಾಕೋದಿಲ್ಲ, ಮೆಸೇಜ್ ಮಾಡು.

ಹುಲೇಕಲ್ ಪೆಟ್ಟಿಗೆ
ಮಾಡಿದೆ ಅಕ್ಕ. ಅವರಿಗೆ ಅಂಕೋಲೆಯಿಂದ ಕುಮಟಾಕ್ಕೆ ಬರೋದು ಅನುಕೂಲವಾ, ನಾನೇ ಮೈಕ್ ತಗೊಂಡು ಅಲ್ಲಿಗೆ ಬರಲಾ?

ಅಂಕೋಲೆ ಹುಡುಗಿ
ನೀನೇ ಬಾ. ಅವರ ಅಂಗಳದಲ್ಲಿ ಬಾರಿಸಿದ್ರೆ ಸದ್ದು ಬೇರೆ. ಬರುವಾಗ ಸಿಲಿಕಾ ಜೆಲ್ ಮರೀಬೇಡ.

ಕುಮಟಾ ಸ್ಟ್ಯಾಂಡ್
ಚಿತ್ರ ಎಲ್ಲಿ ತೋರಿಸ್ತೀರಿ? ಕುಮಟಾದಲ್ಲಿ ಆದ್ರೆ ನಾನು ಬರ್ತೇನೆ, ಎಐ ಮಾತು ಎತ್ತೂದಿಲ್ಲ.